ಒಂದೇ ಸಾಕ್ಷ್ಯ ಕೇಳಿದ 12 ಜನರ ತಲೆಯಲ್ಲಿ ಬೇರೆ ಬೇರೆ ಕಥೆ ಯಾಕೆ?

ಸುಷ್ಮಾ, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಪೌರತ್ವ ಸಿಕ್ಕಿದ ಮೇಲೆ ಮೊದಲ ಸಲ ಜ್ಯೂರಿ ಡ್ಯೂಟಿಗೆ, ಅಂದರೆ ಕೋರ್ಟಿನಲ್ಲಿ ಸಾಕ್ಷ್ಯ ಕೇಳಿ ತೀರ್ಪು ಹೇಳುವ 12 ಸಾಮಾನ್ಯ ಜನರಲ್ಲಿ ಒಬ್ಬಳಾಗಿ ಕೂರಲು, ಕರೆ ಬಂತು. ಒಂದು ಹೊಡೆದಾಟದ ಕೇಸು. ಅದು ಮುಗಿದಿದೆ, ವಿವರ ಬೇಡ. ನಾಲ್ಕು ದಿನ ಎಲ್ಲರೂ ಅದೇ ಮಾತು ಕೇಳಿದ್ದೇವೆ, ಅದೇ ಫೋಟೊ ನೋಡಿದ್ದೇವೆ, ಆದರೆ ಬಾಗಿಲು ಹಾಕಿಕೊಂಡು ಚರ್ಚೆಗೆ ಕೂತಾಗ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಘಟನೆ ನಡೆದಿತ್ತು. ಒಬ್ಬ ಹೆಂಗಸಂತೂ ಯಾವ ಸಾಕ್ಷಿಯೂ ಹೇಳದ ಮಾತನ್ನು "ಅವನೇ ಹೇಳಿದನಲ್ಲ" ಅಂತ ಹಟ ಹಿಡಿದರು. ಸುಳ್ಳು ಹೇಳುವವರಲ್ಲ. ಅವರಿಗೆ ನಿಜವಾಗಿಯೂ ಹಾಗೇ ನೆನಪಿತ್ತು. ನನಗೂ ಹೀಗಾಗಿರಬಹುದು ಅಂತ ಈಗ ಸಂಕಟ. ಯಾರಾದರೂ ಇದನ್ನು ಸಂಶೋಧನೆ ಮಾಡಿದ್ದಾರಾ?

ರಘು, ಮೈಸೂರು:
ಮಾಡಿದ್ದಾರೆ ಮೇಡಂ. ನಾನು ಮನಃಶಾಸ್ತ್ರ ಪಾಠ ಮಾಡುವವನು, ಪ್ರತಿ ವರ್ಷ ಇದನ್ನು ಹೇಳುತ್ತೇನೆ. ಅಮೆರಿಕದ ನ್ಯಾನ್ಸಿ ಪೆನಿಂಗ್ಟನ್ ಮತ್ತು ರೀಡ್ ಹೇಸ್ಟಿ 1980ರ ದಶಕದಲ್ಲಿ ಕಂಡುಕೊಂಡಿದ್ದು ಇದೇ. ನಾವು ಸಾಕ್ಷ್ಯವನ್ನು ಒಂದೊಂದಾಗಿ ತಕ್ಕಡಿಗೆ ಹಾಕುವುದಿಲ್ಲ. ಕೇಳುತ್ತಾ ಕೇಳುತ್ತಾ ಒಂದು ಕಥೆ ಕಟ್ಟಿಕೊಳ್ಳುತ್ತೇವೆ, ನಡುವೆ ಖಾಲಿ ಇದ್ದ ಕಡೆ ನಮ್ಮ ಅನುಭವದಿಂದ ತುಂಬುತ್ತೇವೆ, ಆಮೇಲೆ ಆ ಕಥೆಗೆ ಯಾವ ತೀರ್ಪು ಕೂಡುತ್ತದೆ ಅಂತ ನೋಡುತ್ತೇವೆ. ತಮ್ಮ ಕಥೆಗೆ ಹೊಂದುವ ಮಾತನ್ನು, ಯಾರೂ ಹೇಳದಿದ್ದರೂ, ಕೇಳಿದ್ದೇವೆ ಅಂತ ಜನ ಗುರುತಿಸಿದ್ದು ಅವರ 1988ರ ಪ್ರಯೋಗದಲ್ಲೇ ಇದೆ. ನಿಮ್ಮ ಜೊತೆ ಕೂತಿದ್ದವರದ್ದೂ ಅದೇ.

ಅವರದ್ದೇ ಇನ್ನೊಂದು ಪ್ರಯೋಗ ನನಗೆ ಇವತ್ತಿಗೂ ಭಯ ಹುಟ್ಟಿಸುತ್ತದೆ. ಒಂದು ಕೊಲೆ ಕೇಸು, ಸಾಕ್ಷ್ಯ ಅದೇ, ಬದಲಿಸಿದ್ದು ಹೇಳುವ ಕ್ರಮ ಮಾತ್ರ. ಪ್ರಾಸಿಕ್ಯೂಷನ್‌ನದ್ದು ಘಟನೆ ನಡೆದ ಕ್ರಮದಲ್ಲಿ, ಆರೋಪಿ ಕಡೆಯದ್ದು ಸಾಕ್ಷಿಗಳು ಬಂದ ಹಾಗೆ ಚೂರುಚೂರಾಗಿ ಕೊಟ್ಟಾಗ 78% ಜನ ಕೊಲೆ ಅಂದರು. ಅದಲುಬದಲು ಮಾಡಿದಾಗ 31%!

ವಕೀಲರು, ಧಾರವಾಡ:
ನಮ್ಮಲ್ಲಿ ಜ್ಯೂರಿ ಹೋಗಿ ಎಷ್ಟೋ ಕಾಲವಾಯಿತು, ಆದರೂ ಈ ಕ್ರಮದ ವಿಷಯ ನನಗೆ ನಾಟಿತು. ಸೆಷನ್ಸ್ ಕೋರ್ಟಿನಲ್ಲಿ ಒಬ್ಬ ಸಾಕ್ಷಿಯ ಚೀಫ್ (ಕರೆಸಿದ ಕಡೆಯ ವಕೀಲರ ವಿಚಾರಣೆ) ಇವತ್ತು, ಕ್ರಾಸ್ (ಎದುರು ವಕೀಲರ ಪಾಟೀಸವಾಲು) ಇನ್ಯಾವಾಗಲೋ, ಮುಂದಿನ ಸಾಕ್ಷಿ ತಿಂಗಳುಗಳ ಮೇಲೆ. ಕಥೆ ಕೂಡುವುದಾದರೂ ಹೇಗೆ? ಒಂದು ತಕರಾರು ಮಾತ್ರ ಇದೆ. ಆ ಪ್ರಯೋಗದಲ್ಲಿದ್ದವರು ನಿಜವಾದ ಜ್ಯೂರಿಯಲ್ಲ, ಒಬ್ಬೊಬ್ಬರೇ ತೀರ್ಮಾನ ಮಾಡಿದವರು, ಅಲ್ವಾ?

ರಘು, ಮೈಸೂರು:
ಹೌದು ಸರ್, ಸರಿಯಾದ ಮಾತು. ಶಿಕಾಗೊ ವಿಶ್ವವಿದ್ಯಾಲಯದವರು ಕ್ಯಾನ್ಸಸ್‌ನ ವಿಚಿಟಾದಲ್ಲಿ ನಿಜವಾದ ಜ್ಯೂರಿ ಚರ್ಚೆಯನ್ನು ಗುಟ್ಟಾಗಿ ಧ್ವನಿಮುದ್ರಣ ಮಾಡಿದ್ದು 1955ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾಯಿತು, ಆಮೇಲೆ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟುಗಳಲ್ಲಿ ಅದನ್ನು ಅಪರಾಧ ಅಂತ ಕಾನೂನೇ ಮಾಡಿದರು. ಹಾಗಾಗಿ ಹೆಚ್ಚಾಗಿ ಅಣಕು ಜ್ಯೂರಿಗಳೇ, ಅಂದರೆ ಪ್ರಯೋಗಕ್ಕಾಗಿ ಜ್ಯೂರಿಯಂತೆ ಕೂರಿಸಿದ ಜನರೇ, ಗತಿ. ಹೇಸ್ಟಿ, ಪೆನಿಂಗ್ಟನ್ ಮತ್ತು ಸ್ಟೀವನ್ ಪೆನ್ರೊಡ್ ಅಂಥ 12 ಜನರ ಗುಂಪುಗಳನ್ನು ಕೂರಿಸಿ ಚರ್ಚೆಯನ್ನೂ ನೋಡಿದ್ದಾರೆ. ಕೆಲವು ಗುಂಪು ಕೂತ ತಕ್ಷಣ ಕೈ ಎತ್ತಿಸಿ ಎರಡು ಪಕ್ಷವಾಗುತ್ತವೆ. ಕೆಲವು ಮೊದಲು ಸಾಕ್ಷ್ಯ ಮಾತಾಡಿ, ಕೊನೆಗೆ ಮತ ಕೇಳುತ್ತವೆ. ಎಲ್ಲರೂ ಒಪ್ಪಲೇಬೇಕು ಅನ್ನುವ ನಿಯಮ ಇದ್ದಾಗ ಚರ್ಚೆ ಉದ್ದ, ಸಾಕ್ಷ್ಯದ ಮಾತೂ ಜಾಸ್ತಿ.

ಸುಷ್ಮಾ, ನ್ಯೂಜೆರ್ಸಿ:
ನಾವು ಕೂತ ತಕ್ಷಣ ಕೈ ಎತ್ತಿಸಿದೆವು. ಆಮೇಲೆ ಅರ್ಧ ದಿನ ಬರೀ ಜಗ್ಗಾಟ. ಕೊನೆಗೆ ಆ ಸಾಕ್ಷಿಯ ಹೇಳಿಕೆ ಮತ್ತೊಮ್ಮೆ ಕೇಳಿಸಿ ಅಂತ ನ್ಯಾಯಾಧೀಶರಿಗೆ ಚೀಟಿ ಕಳಿಸಿದೆವು. ಪೂರ್ತಿ ಕೇಳಿದ ಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ, "ಅವನು ಹೇಳೇ ಇಲ್ಲ, ನಾನು ಎಲ್ಲಿಂದ ತಂದೆ ಇದನ್ನ?" ಅಂತ ಮೆಲ್ಲಗೆ ಕೇಳಿದರು. ಆಗ ಏನು ಹೇಳಬೇಕೋ ತೋಚಲಿಲ್ಲ. ರಘು ಸರ್, ತುಂಬಾ ಥ್ಯಾಂಕ್ಸ್.