ಅಪ್ಪನ ಹಳೇ ಪ್ಲೇಯರ್‌ನಲ್ಲಿ ಸಿಡಿ ಓಡುತ್ತಿಲ್ಲ

ಪ್ರಶ್ನೆ: ಅಪ್ಪನಿಗೆ ದಾಸರ ಪದಗಳ ಎಂಪಿ3 ಫೈಲ್‌ಗಳನ್ನು ಸಿಡಿಗೆ ಬರ್ನ್ ಮಾಡಿಕೊಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಹಾಡುತ್ತದೆ. ಪ್ಲೇಯರ್ ಮಾತ್ರ ‘ನೋ ಡಿಸ್ಕ್’ ಅನ್ನುತ್ತದೆ. ಯಾಕಿರಬಹುದು?

ಉತ್ತರ: ಫೈಲ್‌ಗಳನ್ನು ಸುಮ್ನೆ ಎಳೆದು ಹಾಕಿದರೆ ಅದು ಡೇಟಾ ಸಿಡಿ. ಹಳೇ ಪ್ಲೇಯರ್‌ಗೆ ಎಂಪಿ3 ಗೊತ್ತಾಗುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರ್‌ನ ಬರ್ನ್ ಟ್ಯಾಬ್‌ನಲ್ಲಿ ‘ಆಡಿಯೋ ಸಿಡಿ’ ಆರಿಸಿ. ಆಗ ಸಿಡಿಯ 700 ಎಂಬಿ ಜಾಗ ಲೆಕ್ಕಕ್ಕಿಲ್ಲ, 80 ನಿಮಿಷವೇ ಮಿತಿ.

ಪ್ರಶ್ನೆ ಕೇಳಿದವರು: ಹಾಗಾದರೆ 150 ಹಾಡು ಹಿಡಿಯಲ್ವಾ? ಅಪ್ಪನಿಗೆ ಮಾತು ಕೊಟ್ಟಾಗಿದೆ!

ಇನ್ನೊಬ್ಬರು: ಐದೈದು ನಿಮಿಷದ್ದಾದರೆ 16 ಹಿಡಿಯುತ್ತದೆ, ಅಷ್ಟೇ. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ತಗೊಳ್ಳಿ. ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಡಿಸ್ಕ್ ಬೆಳಕನ್ನು ಕಡಿಮೆ ಮರಳಿಸುತ್ತದೆ, ಹಳೇ ಪ್ಲೇಯರ್‌ಗಳು ಓದಲು ತಿಣುಕುತ್ತವೆ. ಸಂಗೀತ ಕಛೇರಿಯ ರೆಕಾರ್ಡಿಂಗ್ ಆದರೆ ಟ್ರ್ಯಾಕ್‌ಗಳ ನಡುವಿನ ಗ್ಯಾಪ್ ತೆಗೆಯಿರಿ. ಆಲಾಪನೆ ಮುಗಿದು ಕೃತಿ ಶುರುವಾಗುವಾಗ 2 ಸೆಕೆಂಡ್ ಮೌನ ಬಂದರೆ ಅಪ್ಪ ಬೈಯುವುದು ಗ್ಯಾರಂಟಿ.