ಅಪ್‌ಡೇಟ್: ತಾಳ ತಪ್ಪಿಸುತ್ತಿದ್ದದ್ದು ಬೆರಳಲ್ಲ, ಬ್ಲೂಟೂತ್

‘ಎ ಡ್ಯಾನ್ಸ್ ಆಫ್ ಫೈರ್ ಆ್ಯಂಡ್ ಐಸ್’ ಒಂದು ತಾಳದ ಆಟ: ಒಂದನ್ನೊಂದು ಸುತ್ತುವ ಎರಡು ಗ್ರಹಗಳನ್ನು, ತಾಳಕ್ಕೆ ಸರಿಯಾಗಿ ಒತ್ತುತ್ತಾ, ಚೌಕಗಳ ಹಾದಿಯಲ್ಲಿ ಮುನ್ನಡೆಸಬೇಕು. ಅದನ್ನು ಫೋನಿನಲ್ಲಿ ಆಡುವಾಗ ತಾಳಕ್ಕೆ ಸರಿಯಾಗಿ ಒತ್ತಿದರೂ ಗ್ರಹ ದಾರಿ ತಪ್ಪುತ್ತದೆ, ಯಾಕೆ ಎಂದು ಕೇಳಿದ್ದೆ. ನೀವು ಹೇಳಿದಂತೆ ಬ್ಲೂಟೂತ್ ಬದಲು ತಂತಿಯ ಇಯರ್‌ಫೋನ್ ಹಾಕಿ, ಆಟದೊಳಗಿನ ಕ್ಯಾಲಿಬ್ರೇಷನ್ (ಸದ್ದಿಗೂ ಒತ್ತುವುದಕ್ಕೂ ನಡುವಿನ ಅಂತರವನ್ನು ಸರಿಹೊಂದಿಸುವುದು) ಮತ್ತೆ ಮಾಡಿದೆ. ಸರಿಹೋಯಿತು.

ನಿಮಿಷಕ್ಕೆ 120 ಬೀಟ್ ಎಂದರೆ ನೇರ ಹಾದಿಯ ಒಂದೊಂದು ಚೌಕಕ್ಕೆ 500 ಮಿಲಿಸೆಕೆಂಡ್. ಲಂಬಕೋನದ ತಿರುವಿನಲ್ಲಿ, ಗ್ರಹ ಸುತ್ತುವ ದಿಕ್ಕಿಗೆ ತಕ್ಕಂತೆ, 250 ಇಲ್ಲವೇ 750. ಬ್ಲೂಟೂತ್ ಸದ್ದನ್ನು 200 ಮಿಲಿಸೆಕೆಂಡ್ ತಡಮಾಡಿದರೆ 250ರ ತಿರುವು ಕೈಗೆ ಸಿಗುವುದಾದರೂ ಹೇಗೆ?

ಒಂದೇ ಬೆರಳು, ಎರಡೇ ಗ್ರಹ, ಹಾದಿಯ ಆಕಾರವೇ ತಾಳದ ಬರಹ. ಇದಕ್ಕಿಂತ ಸ್ವಚ್ಛವಾದ ವಿನ್ಯಾಸ ಕಾಣೆ! ಆದರೆ ಹಂತದ ಕೊನೆಯಲ್ಲಿ ಒಮ್ಮೆ ತಪ್ಪಿದರೆ ಬಹುಪಾಲು ಮೊದಲಿಂದಲೇ ಶುರು. ಅದು ನಿಜಕ್ಕೂ ದಣಿಸುತ್ತದೆ. ಇಯರ್‌ಫೋನ್ ಬದಲಿಸಿದಾಗಲೆಲ್ಲ ಕ್ಯಾಲಿಬ್ರೇಷನ್ ಮಾಡಿಕೊಳ್ಳಿ.