ಪದ ಬೇಕು, ಇವತ್ತೇ: ಪೆಟ್ರೋಲ್ ಟಾಕಿಯೊಳಗಿನ ‘ಸೆಂಡರ್’ಗೆ ಏನಂತೀರಿ?

ಕಲಬುರಗಿಯಿಂದ, ಬೆಳಿಗ್ಗೆ 8.10

ಎಲ್ಲರಿಗೂ ಶರಣು. ಒಂದು ಪದ ಅರ್ಜೆಂಟ್ ಬೇಕಾಗಿದೆ. ಸಂಜೆ ನಾಲ್ಕಕ್ಕೆ ಪೇಂಟರ್ ಬರುತ್ತಾನೆ.

ನನ್ನ ತಂಗಿಯ ಮಗ ಸೇಡಂ ರಸ್ತೆಯಲ್ಲಿ ಹಳೆ ಕಾರುಗಳ ವೈರಿಂಗ್, ಮೀಟರ್ ಕೆಲಸದ ಅಂಗಡಿ ಹಾಕುತ್ತಿದ್ದಾನೆ. ಅಂಬಾಸಿಡರ್, ಪದ್ಮಿನಿ, ಹಳೆ ಜೀಪು, ಇಂಥವೇ. ಬೋರ್ಡಿಗೆ ಅವನು ಬರೆದುಕೊಟ್ಟ ಪಟ್ಟಿಯಲ್ಲಿ ‘ಫ್ಯೂಯಲ್ ಗೇಜ್ ಸೆಂಡರ್ ರಿಪೇರಿ’ ಅಂತ ಒಂದು ಸಾಲಿದೆ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರಲ್ಲ, 60 ಯಾಕೆ ಪೂರ್ತಿ ಕನ್ನಡದಲ್ಲೇ ಬರೆಸೋಣ ಅಂದೆ. ಅಂದ ತಪ್ಪಿಗೆ ಕೆಲಸ ನನ್ನ ಕೊರಳಿಗೇ ಬಿತ್ತು.

ಗಾಡಿ ಬಿಚ್ಚಿ ನೋಡದವರಿಗೆ ಹೇಳುತ್ತೇನೆ. ಟಾಕಿಯೊಳಗೆ ಒಂದು ಸಣ್ಣ ಡಬ್ಬಿ ತೇಲುತ್ತಿರುತ್ತದೆ, ಹಳೆ ಗಾಡಿಯಲ್ಲಿ ಹಿತ್ತಾಳೆಯದ್ದು. ಅದು ಒಂದು ಸರಳಿನ ತುದಿಗೆ ಕೂತಿರುತ್ತದೆ. ಪೆಟ್ರೋಲ್ ಇಳಿದ ಹಾಗೆ ಡಬ್ಬಿ ಇಳಿಯುತ್ತದೆ, ಸರಳಿನ ಇನ್ನೊಂದು ತುದಿ ತಂತಿ ಸುತ್ತಿದ ಪಟ್ಟಿಯ ಮೇಲೆ ಸರಿಯುತ್ತದೆ, ಕರೆಂಟ್ ಹೆಚ್ಚುಕಡಿಮೆ ಆಗಿ ಮುಂದೆ ಮೀಟರಿನ ಮುಳ್ಳು ಆಡುತ್ತದೆ. ಇದೆಲ್ಲ ಸೇರಿ ಸೆಂಡರ್. ನಮ್ಮಪ್ಪನ ಅಂಬಾಸಿಡರ್‌ನಲ್ಲಿ ಈ ಸರಳು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು. ಅರ್ಧ ಟಾಕಿ ಇದೆ ಅಂತ ನಂಬಿ ಹೊರಟು ಹುಮನಾಬಾದ್ ದಾಟಿದ ಮೇಲೆ ರಸ್ತೆ ಪಕ್ಕ ಕೂತಿದ್ದೆ. ಆಗ ಬಂದ ಮೆಕ್ಯಾನಿಕ್ ಹೇಳಿದ್ದು, “ಟಾಕಿ ಯೂನಿಟ್ ಹೋಗ್ಯಾದ್ರಿ.” ಆ ‘ಯೂನಿಟ್’ಗೆ ಕನ್ನಡ ಬೇಕು.

ಬೀದರಿನಿಂದ, 8.32

ಇಂಧನ ಮಟ್ಟ ಪ್ರೇಷಕ. ನಾನು ಪಠ್ಯಪುಸ್ತಕಗಳ ಅನುವಾದದಲ್ಲಿ ಇದನ್ನೇ ಬಳಸಿದ್ದೇನೆ. ಚರ್ಚೆಗೆ ಏನೂ ಇಲ್ಲ.

ಮಳಖೇಡದಿಂದ, 9.05

ಚರ್ಚೆಗೆ ಬೇಕಾದಷ್ಟಿದೆ. ‘ಇಂಧನಮಟ್ಟ’ ಶುದ್ಧ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ತಪ್ಪು ಸಮಾಸ. ಹಾಗೆ ಅಂಟಿಸಲು ವಿನಾಯಿತಿ ಇರುವ ಗಮಕವೂ ಅಲ್ಲ, ಕ್ರಿಯಾಸಮಾಸವೂ ಅಲ್ಲ, ಬಿರುದಾವಳಿಯಂತೂ ಅಲ್ಲವೇ ಅಲ್ಲ. ಕಾಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತ ಕವಿರಾಜಮಾರ್ಗ ಹೇಳಿದ್ದು ಇದನ್ನೇ. ಒಂಬತ್ತನೇ ಶತಮಾನದಲ್ಲಿ ನಮ್ಮೂರಿನ ರಾಷ್ಟ್ರಕೂಟರ ಆಸ್ಥಾನದಲ್ಲಿ ಹೇಳಿದ ಮಾತು ಬೀದರಿಗೆ ಇನ್ನೂ ತಲುಪಿಲ್ಲ ಅನ್ನಿಸುತ್ತದೆ.

ತೇಲುವ ವಸ್ತುವಿಗೆ ಕನ್ನಡದಲ್ಲಿ ಪದ ಇದೆ: ಬೆಂಡು. ಗಾಳದ ದಾರಕ್ಕೆ ಕಟ್ಟುವ ಬೆಂಡು. ಒಳಗಿನ ಸತ್ವ ಹೋಗಿ ಹಗುರಾದದ್ದು ಬೆಂಡು, ‘ಬಸವಳಿದು ಬೆಂಡಾದ’ ಅನ್ನುವುದೂ ಅದೇ. ಜಾತ್ರೆಯ ಬೆಂಡು ಬತ್ತಾಸಿನ ಬೆಂಡೂ ಅದೇ ಬೇರು, ಕೈಯಲ್ಲಿ ಹಿಡಿದರೆ ತೂಕವೇ ಇರುವುದಿಲ್ಲ, ಬೆಂಡೋಲೆಯೂ ಹಾಗೇ, ಇದರ ಮೇಲೆ ನಾನು ಹಿಂದೆ ಉದ್ದಕ್ಕೆ ಬರೆದಿದ್ದೆ, ಯಾರೂ ಓದಲಿಲ್ಲ, ಬಿಡಿ. ‘ಅಳೆಬೆಂಡು’ ಅಂತ ಬರೆಸಿ.

ಬೀದರಿನಿಂದ, 9.11

ಬಿಡಿಸಿ ಬರೆದಿದ್ದೇನೆ. ಸಮಾಸ ನಿಮ್ಮ ಕಣ್ಣಿನಲ್ಲಿದೆ.

ಯಾದಗಿರಿಯಿಂದ, 10.20

ನಾನು ವ್ಯಾಕರಣದವನಲ್ಲ. ವಿದ್ಯುತ್ ಕೆಲಸದಲ್ಲಿ ಮೂವತ್ತು ವರ್ಷ ಇದ್ದವನು. ಒಂದು ಮಾತು ಹೇಳಿ ಸುಮ್ನಾಗುತ್ತೇನೆ.

‘ಪ್ರೇಷಕ’ ಅಂದರೆ ಕಳಿಸುವವನು ಅಲ್ವಾ? ಆ ಡಬ್ಬಿ ಏನನ್ನೂ ಕಳಿಸುವುದಿಲ್ಲ. ಕರೆಂಟ್ ಬ್ಯಾಟರಿಯಿಂದ ಹೊರಟು ಮೀಟರ್ ಹಾದು ಟಾಕಿಗೆ ಬರುತ್ತದೆ, ಅಲ್ಲಿಂದ ಗಾಡಿಯ ಲೋಹದ ಮೈಗೆ ಅರ್ಥ್ ಆಗುತ್ತದೆ. ಟಾಕಿಯೊಳಗಿನದು ಬಂದ ಕರೆಂಟನ್ನು ಎಷ್ಟು ತಡೆಯಬೇಕೋ ಅಷ್ಟು ತಡೆಯುತ್ತದೆ, ಅಷ್ಟೇ. ಇಂಗ್ಲಿಷಿನವರು ಇಟ್ಟ ಹೆಸರೇ ಸರಿಯಿಲ್ಲ. ಅದನ್ನು ಸಂಸ್ಕೃತಕ್ಕೆ ತಂದು ನಾವು ಯಾಕೆ ಹೊರಬೇಕು?

ಬೆಂಡಿನ ಬಗ್ಗೆ: ಮೊದಮೊದಲ ಕಾರುಗಳಲ್ಲಿ ಮೆರುಗೆಣ್ಣೆ ಹಚ್ಚಿದ ಬೆಂಡನ್ನೇ ಹಾಕುತ್ತಿದ್ದರು, ಆ ಲೆಕ್ಕಕ್ಕೆ ಮಳಖೇಡದವರು ಸರಿ. ಆದರೆ ಹಿತ್ತಾಳೆಯದ್ದು ಟೊಳ್ಳು. ಸೂಜಿಮೊನೆಯಷ್ಟು ತೂತು ಬಿದ್ದರೂ ಪೆಟ್ರೋಲ್ ಒಳಗೆ ಹೋಗಿ ಮುಳುಗುತ್ತದೆ, ಟಾಕಿ ತುಂಬಿಸಿದರೂ ಮುಳ್ಳು ಖಾಲಿಯಲ್ಲೇ ಮಲಗಿರುತ್ತದೆ. (ಬಿಚ್ಚಿ ಬಿಸಿನೀರಿನಲ್ಲಿ ಅದ್ದಿ, ಗುಳ್ಳೆ ಎದ್ದರೆ ತೂತು ಅಲ್ಲೇ. ಬೆಸುಗೆ ಹಾಕುವ ಮುಂಚೆ ಒಳಗಿನ ಪೆಟ್ರೋಲ್ ಪೂರ್ತಿ ಹೋಗಿ ಒಣಗಿರಬೇಕು, ಇಲ್ಲದಿದ್ದರೆ ಮುಖ ಸುಟ್ಟುಕೊಳ್ಳುತ್ತೀರಿ.) ಟೊಳ್ಳಾದದ್ದಕ್ಕೆ ಬೆಂಡು ಅನ್ನುವುದಿಲ್ಲ, ಬುರುಡೆ ಅನ್ನುತ್ತೇವೆ. ಭೀಮಾ ನದಿಯಲ್ಲಿ ಈಜು ಕಲಿಯುವಾಗ ನಾನು ನಡುವಿಗೆ ಕಟ್ಟಿಕೊಂಡಿದ್ದು ಸೋರೆ ಬುರುಡೆ. ಕೆಟ್ಟ ಮೇಲೆ ಅದು ಬಿಡುವುದೂ ಬುರುಡೆಯೇ.

ಮಳಖೇಡದಿಂದ, 10.31

ಹಾಸ್ಯ ಬೇಡ. ಬೆಂಡು ಸರಿಯಾದ ಪದ.

ಬಸವಕಲ್ಯಾಣದಿಂದ, 11.15

ಇಷ್ಟು ಜನ ಗಂಡಸರು ಸೇರಿ ಒಂದು ಡಬ್ಬಿಗೆ ಹೆಸರಿಡಲು ಮೂರು ತಾಸು! ನಮ್ಮ ಕಡೆ ಡ್ರೈವರುಗಳು ‘ಕಾಂಟಾ’ ಅನ್ನುತ್ತಾರೆ. “ಪೆಟ್ರೋಲ್ ಕಾಂಟಾ ಏಳವಲ್ದು” ಅಂದರೆ ಚಿಕ್ಕ ಹುಡುಗನಿಗೂ ತಿಳಿಯುತ್ತದೆ. ಅದನ್ನೇ ಬರೆಸಿ.

ಮಳಖೇಡದಿಂದ, 11.18

ಅದು ಉರ್ದು.

ಬಸವಕಲ್ಯಾಣದಿಂದ, 11.40

ಗೊತ್ತು ಸರ್. 1347ರಲ್ಲಿ ಬಹಮನಿಯವರು ಕಲಬುರಗಿಯಲ್ಲಿ ಕೂತಾಗಿನಿಂದ ನಿಜಾಮರ ಆಳ್ವಿಕೆ ಮುಗಿದ 1948ರವರೆಗೆ ಈ ಮಾತು ನಮ್ಮ ಕಿವಿಯ ಮೇಲೇ ಇತ್ತು. ‘ಖಾಲಿ’ ಎಲ್ಲಿಯದು? ‘ಅಂದಾಜು’ ಎಲ್ಲಿಯದು? ‘ದುರಸ್ತಿ’? ‘ಜಾಸ್ತಿ’? ಇವನ್ನೆಲ್ಲ ವಾಪಸ್ ಕೊಟ್ಟು, ಪೆಟ್ರೋಲ್ ಖಾಲಿಯಾಗಿದೆ ಅಂತ ಒಂದು ವಾಕ್ಯ ಮಾಡಿ ತೋರಿಸಿ. ಹಾಂ, ‘ವಾಪಸ್’ ಕೂಡ.

ಇನ್ನೊಂದು. ಕಾಂಟಾ ಅಂದರೂ ಮುಳ್ಳೇ. ಗಿಡದ ಮುಳ್ಳಿಗೂ ಅದೇ ಮಾತು, ಗಡಿಯಾರದ ಮುಳ್ಳಿಗೂ ಅದೇ. ಎರಡೂ ಭಾಷೆಯವರು ಒಂದೇ ಗಿಡ ನೋಡಿ ಹೆಸರಿಟ್ಟಿದ್ದಾರೆ. ಇದರಲ್ಲಿ ಜಗಳ ಏನು?

ಮಳಖೇಡದಿಂದ, 11.52

ಪೆಟ್ರೋಲ್ ಮುಗಿದಿದೆ. ಮಾಡಿ ತೋರಿಸಿದೆ.

ಬೀದರಿನಿಂದ, 11.58

‘ಪೆಟ್ರೋಲ್’ ಯಾವ ಹಳಗನ್ನಡದ್ದು?

ಯಾದಗಿರಿಯಿಂದ, 12.25

ಟಾಕಿಯನ್ನು ಯಾರೂ ಮುಟ್ಟಲಿಲ್ಲವಲ್ಲ ಅಂತ ನೋಡುತ್ತಿದ್ದೆ. ‘ಟ್ಯಾಂಕ್’ ಇಂಗ್ಲಿಷಿಗೆ ನಮ್ಮ ಕಡೆಯಿಂದಲೇ, ಗುಜರಾತಿಯ ಮಾತಿನಿಂದ ಹೋಗಿದೆ ಅನ್ನುವವರಿದ್ದಾರೆ, ಪೋರ್ಚುಗೀಸ್ ಅನ್ನುವವರೂ ಇದ್ದಾರೆ. ನಾವು ಇಂಗ್ಲಿಷಿನಿಂದ ಸಾಲ ತಂದೆವು ಅಂತ ನಾಚಿಕೊಳ್ಳುವ ಮಾತು ಅವರೇ ನಮ್ಮಿಂದ ತಂದ ಸಾಲ ಆಗಿದ್ದರೆ ಬಡ್ಡಿ ಯಾರು ಕಟ್ಟಬೇಕು?

ಕಲಬುರಗಿಯಿಂದ, ಮಧ್ಯಾಹ್ನ 1.30

ನಾನು ಕೇಳಿದ್ದು ಒಂದೇ ಪದ ಇತ್ತು.

ಊಟಕ್ಕೆ ಬಂದಾಗ ಅಳಿಯನಿಗೆ ಎಲ್ಲ ಓದಿ ಹೇಳಿದೆ. ‘ಪ್ರೇಷಕ’ ಅಂದಾಗ “ಯಾರ್ದು, ಪೋಸ್ಟ್ ಆಫೀಸಿಂದಾ?” ಅಂದ. ‘ಅಳೆಬೆಂಡು’ ಅಂದಾಗ ರೊಟ್ಟಿ ಮುರಿಯುವುದು ಬಿಟ್ಟು ನನ್ನ ಮುಖ ನೋಡಿದ. ಆಮೇಲೆ ಅವನು ಹೇಳಿದ್ದು ನನಗೆ ಮೊದಲೇ ಹೊಳೆಯಬೇಕಿತ್ತು. ಅಂಗಡಿಗೆ ಬರುವವನಿಗೆ ಟಾಕಿಯೊಳಗೆ ಏನಿದೆ ಅಂತಲೇ ಗೊತ್ತಿರುವುದಿಲ್ಲ. ಮುಳ್ಳು ಏಳುತ್ತಿಲ್ಲ ಅಂತ ಬರುತ್ತಾನೆ. ಅಳಿಯ ಟಾಕಿಯ ವೈರ್ ಕಳಚಿ ಒಂದು ಕ್ಷಣ ಗಾಡಿಯ ಮೈಗೆ ಮುಟ್ಟಿಸುತ್ತಾನೆ. ಮುಳ್ಳು ಒಂದು ತುದಿಗೆ ಓಡಿದರೆ, ಕೆಲವು ಗಾಡಿಯಲ್ಲಿ ಫುಲ್ ಕಡೆ, ಕೆಲವದರಲ್ಲಿ ಖಾಲಿ ಕಡೆ, ಮೀಟರೂ ವೈರೂ ಸರಿ ಇವೆ, ರೋಗ ಟಾಕಿಯಲ್ಲಿದೆ. ಓಡದಿದ್ದರೆ ಟಾಕಿಗೆ ಕೈ ಹಾಕುವ ಕೆಲಸವೇ ಇಲ್ಲ, ಮುಂದೆ ಹುಡುಕಬೇಕು. ಎಷ್ಟೋ ಸಲ ಬರೀ ಅರ್ಥ್ ತುಕ್ಕು ಹಿಡಿದಿರುತ್ತದೆ, ಉಪ್ಪುಕಾಗದ ಹಾಕಿ ಉಜ್ಜಿದರೆ ಮುಗಿಯಿತು. ಹಾಗಿರುವಾಗ ಬೋರ್ಡಿನಲ್ಲಿ ಒಳಗಿನ ಭಾಗದ ಹೆಸರು ಬರೆದು ಏನು ಮಾಡುವುದು? ಕಣ್ಣಿಗೆ ಕಾಣುವುದು ಮುಳ್ಳು.

‘ಪೆಟ್ರೋಲ್ ಮುಳ್ಳು ರಿಪೇರಿ’ ಅಂತ ಬರೆಸುತ್ತೇನೆ.

ಮಳಖೇಡದಿಂದ, 1.34

ಪೆಟ್ರೋಲ್ ಮುಳ್ಳು ಅರಿಸಮಾಸವೋ ಅಲ್ಲವೋ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ಇಂಗ್ಲಿಷ್ ಪದಕ್ಕೆ ಆ ನಿಯಮ ಅನ್ವಯಿಸುತ್ತದೆ ಎಂದು ನನ್ನ ನಿಲುವು. ಹೊಸ ವಿಷಯ ಹಾಕುತ್ತೇನೆ.

ಕಲಬುರಗಿಯಿಂದ, ಮಾರನೇ ದಿನ 11.00

ಬೋರ್ಡ್ ಆಯಿತು. ಬಣ್ಣ ಇನ್ನೂ ಒಣಗಿಲ್ಲ, ಪದ್ಮಿನಿಯವನೊಬ್ಬ ನಿಲ್ಲಿಸಿ ಕೇಳಿದ: “ಬಿಸಿ ಮುಳ್ಳೂ ಮಾಡ್ತೀರೇನ್ರಿ?” ಅಂದರೆ ಟೆಂಪರೇಚರ್ ಮೀಟರ್. ಅಳಿಯ ಹೂಂ ಅಂದಿದ್ದಾನೆ. ಪೇಂಟರನ್ನು ಮತ್ತೆ ಕರೆಸಬೇಕು.